ನನ್ನ ಕೊಬ್ಬಿನ ಶೇಕಡಾವಾರು

ನಮ್ಮ ಕಡೆಯ ಜನ ಬಹಳ ದಿನಗಳ ಮೇಲೆ ಸಿಕ್ಕವರ ಮುಖ ನೋಡುವುದಿಲ್ಲ, ಗಾತ್ರ ನೋಡುತ್ತಾರೆ. ಸೌಖ್ಯವೇ ಎಂದು ಕೇಳುವ ಮೊದಲೇ ತೀರ್ಪು ಬಂದಿರುತ್ತದೆ. "ತೋರ ಆತರ್ ಮಾರಾಯ್ರೆ" ಎಂದು ತುಳುವಿನಲ್ಲಿ ಯಾರಾದರೂ ಹೇಳಿದರೆ ನಾವು ದಪ್ಪಗಾಗಿದ್ದೇವೆ ಎಂದರ್ಥ. "ಸಪೂರ ಆತರತ್ತಾ, ಉಷಾರಿಜ್ಜಾ?" ಎಂದರೆ ತೆಳ್ಳಗಾಗಿದ್ದೇವೆ, ಆದ್ದರಿಂದ ಮೈಯಲ್ಲಿ ಏನೋ ಕಾಯಿಲೆ ಸೇರಿಕೊಂಡಿರಬೇಕು ಎಂದರ್ಥ. ಇವೆರಡರ ನಡುವೆ, ಇರಬೇಕಾದಷ್ಟೇ ಇದ್ದೀರಿ ಎಂದು ಹೇಳುವ ಪದ್ಧತಿ ಇಲ್ಲ. ಇದ್ದರೂ ನನ್ನ ವಿಷಯದಲ್ಲಿ ಯಾರೂ ಅದನ್ನು ಖರ್ಚು ಮಾಡಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೋರ. ಬಿ.ಸಿ. ರೋಡ್ ಪೇಟೆಯ ಯಾವ ಮದುವೆ ಹಾಲಿಗೆ ಹೋದರೂ ಒಬ್ಬರಾದರೂ ಅತ್ತೆಯೋ ಚಿಕ್ಕಮ್ಮನೋ ನನ್ನ ರಟ್ಟೆಯನ್ನು ಹಿಡಿದು, ಸಂತೆಯಲ್ಲಿ ಸುವರ್ಣಗಡ್ಡೆ ನೋಡಿದ ಹಾಗೆ ಅದುಮಿ, "ಇವಳಿಗೆ ಅನ್ನ ಕಡಿಮೆ ಮಾಡ್ಲಿಕ್ಕೆ ಹೇಳಿ" ಎಂದು ನನ್ನ ಪಕ್ಕದಲ್ಲಿದ್ದವರಿಗೆ ಹೇಳುತ್ತಾರೆ. ನನಗೆ ಹೇಳುವುದಿಲ್ಲ. ತೋರ ಇರುವವರಿಗೆ ಕಿವಿ ಕೇಳಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ.

ಆ ರಟ್ಟೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನನಗೆ ಅದರ ಮೇಲೆ ಅಭಿಮಾನ ಇತ್ತು. ಮಾಣಿ ಎಂಬ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗಲೇ ನನ್ನ ಕೈಗೆ ಗುಂಡು ಸಿಕ್ಕಿತು. ಗುಂಡು ಎಂದರೆ ಕ್ರೀಡಾಕೂಟದಲ್ಲಿ ಎಸೆಯುವ ಕಬ್ಬಿಣದ ಗುಂಡು. ಉಳಿದ ಹುಡುಗಿಯರು ಅದನ್ನು ಎರಡು ಕೈಯಲ್ಲಿ ಎತ್ತಿ ಕಾಲ ಮೇಲೆ ಹಾಕಿಕೊಂಡು ಅಳುತ್ತಿದ್ದಾಗ ನಾನು ಅದನ್ನು ಮೈದಾನದ ಆಚೆಯ ಬೇಲಿಗೆ ಮುಟ್ಟಿಸಿ, ಬೇಲಿಯ ಮಾಲೀಕರಿಂದ ಬೈಸಿಕೊಂಡೆ. ಕಾಲೇಜಿನಲ್ಲಿ ಅದೇ ಗುಂಡು ನನಗೆ ಫೀಸು ಮಾಫಿ ಮಾಡಿಸಿತು. ಕೊನೆಗೆ ಬೆಳ್ತಂಗಡಿ ತಾಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಆಟದ ಟೀಚರ್ ಕೆಲಸ ಕೊಡಿಸಿತು. ಜಲಜಾಕ್ಷಿ ಎಂದು ನನ್ನ ಹೆಸರು. ಆ ಹೆಸರಿನಲ್ಲಿ ಶಾಲೆಯಲ್ಲಿ ವಿಚಾರಿಸಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಮಕ್ಕಳಿಗೆ ನಾನು ತೋರ ಟೀಚರ್. ಹಾಗೆ ಹೇಳುವಾಗ ಅವರ ದನಿಯಲ್ಲಿ ಕುಹಕ ಇರಲಿಲ್ಲ. ಹಗ್ಗಜಗ್ಗಾಟದ ತಾಲೀಮಿಗೆ ನಾನೊಬ್ಬಳೇ ಹಗ್ಗದ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಇಡೀ ಎಂಟನೇ ತರಗತಿಯನ್ನು ಕಟ್ಟಿದರೂ ಗೆರೆ ದಾಟುತ್ತಿರಲಿಲ್ಲ. ಆ ಗೌರವ ಕುಹಕದಲ್ಲಿ ಸಿಗುವಂಥದ್ದಲ್ಲ.

ನನ್ನ ಗಂಡ ಸದಾಶಿವರು ಇದಕ್ಕೆ ಪೂರ್ತಿ ತದ್ವಿರುದ್ಧ. ಮಡಂತ್ಯಾರಿನ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರು. ಮದುವೆಯ ದಿನ ಹೇಗಿದ್ದರೋ ಈಗಲೂ ಹಾಗೆಯೇ ಇದ್ದಾರೆ, ಅಂದರೆ ಸಪೂರ. ಮೊದಲು ಇದು ಅವರಿಗೆ ನಾಚಿಕೆಯ ವಿಷಯವಾಗಿತ್ತು. ನಾವಿಬ್ಬರೂ ಜೊತೆಯಾಗಿ ಬೈಕಿನಲ್ಲಿ ಹೋಗುವಾಗ ಪೇಟೆಯವರು ಮುಗುಳ್ನಗುತ್ತಾರೆಂದು ಅವರಿಗೆ ಅನುಮಾನವಿತ್ತು; ಅದು ಅನುಮಾನವಲ್ಲ, ನಿಜ. ಆದರೆ ಈ ಬಿಎಂಐ ಎಂಬುದು ಬಂದ ಮೇಲೆ ಅವರ ದೆಸೆ ತಿರುಗಿತು. ತೂಕದ ಕಿಲೋವನ್ನು ಎತ್ತರದ ಮೀಟರಿನಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಅದೇ ಮೀಟರಿನಿಂದ ಭಾಗಿಸಬೇಕು. ಆಗ ಉಳಿಯುವ ಅಂಕಿಯಲ್ಲಿ ಮನುಷ್ಯನ ಯೋಗ್ಯತೆ ಇರುತ್ತದೆ. ಅವರದ್ದು ಇಪ್ಪತ್ತೊಂದು. ಯಾವ ಡಾಕ್ಟರಿಗೆ ತೋರಿಸಿದರೂ ಶಹಭಾಸ್ ಎನ್ನುವ ಅಂಕಿ. ನನ್ನದು ಇಪ್ಪತ್ತೆಂಟು; ಇಪ್ಪತ್ತೈದು ದಾಟಿದರೆ ಅಧಿಕ ಎಂದು ಲೆಕ್ಕ. ಹತ್ತಿರದ ಊರಿನ ಸಂಬಂಧಿಕರ ಜೊತೆ ಫೋನಿನಲ್ಲಿ ಮಾತಾಡುವಾಗಲೂ, ಆ ಕಡೆಯವರು ಮಳೆ ಬಂತಾ ಎಂದು ಕೇಳಿದ ಕೂಡಲೇ ಇವರು "ನನ್ನದು ಇಪ್ಪತ್ತೊಂದು" ಎನ್ನುತ್ತಿದ್ದರು. ಸಂಜೆ ಕಾಫಿಗೆ ಎಣ್ಣೆಯಲ್ಲಿ ಕರಿದ ಗೋಳಿಬಜೆ ಮಾಡಿದರೆ ಹನ್ನೆರಡು ತಿನ್ನುವವರು ಅವರು. ನಾನು ಎರಡನೆಯದಕ್ಕೆ ಕೈ ಹಾಕಿದಾಗ ಕನ್ನಡಕದ ಮೇಲಿಂದ ನೋಡುವವರೂ ಅವರೇ. ಅಂಗಳದಿಂದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ತರುವಾಗ ಮಾತ್ರ ಬಿಎಂಐ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಗ "ನಿನಗೆ ಅಭ್ಯಾಸ ಉಂಟಲ್ಲ" ಎನ್ನುತ್ತಿದ್ದರು.

ಇದೆಲ್ಲ ಮನೆಯೊಳಗಿನ ತಮಾಷೆ. ಗಂಡ ಹೆಂಡತಿ ಎಂದ ಮೇಲೆ ಒಬ್ಬರಿಗೊಬ್ಬರು ಏನಾದರೊಂದು ಅಂಕಿ ಹೇಳಿಕೊಂಡೇ ಬಾಳಬೇಕಲ್ಲ ಎಂದು ನಾನು ಸುಮ್ಮನಿದ್ದೆ. ಆದರೆ ಬಿಎಂಐ ನನ್ನ ಶಾಲೆಗೂ ಬಂತು. ನಮ್ಮ ಶಾಲೆಯ ಸಂಚಾಲಕರು, ಎಂದರೆ ಆಡಳಿತ ಮಂಡಳಿಯ ಪರವಾಗಿ ಶಾಲೆ ನಡೆಸುವವರು, ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ದೊಡ್ಡ ಮನುಷ್ಯ. ಅವರಿಗೆ ಒಂದು ಬೆಳಿಗ್ಗೆ, ನಮ್ಮದು ಆರೋಗ್ಯವಂತ ಶಾಲೆಯಾಗಬೇಕು ಎಂಬ ಯೋಚನೆ ಹೊಳೆಯಿತು. ಸಭಾಭವನಕ್ಕೆ ತೂಕದ ಯಂತ್ರ ಬಂತು, ಗೋಡೆಗೆ ಎತ್ತರದ ಪಟ್ಟಿ ಅಂಟಿತು, ಒಬ್ಬ ಡಾಕ್ಟರು ಬಂದರು, ಶಿಕ್ಷಕರೆಲ್ಲರೂ ಚಪ್ಪಲಿ ಕಳಚಿ ಸಾಲಾಗಿ ನಿಂತೆವು. ಆಡಳಿತ ಮಂಡಳಿಯವರು ಯಂತ್ರ ಹತ್ತಲಿಲ್ಲ. ಅವರು ಅದನ್ನು ಉದ್ಘಾಟಿಸಿದರು. ನನ್ನ ಸರದಿ ಬಂದಾಗ ಡಾಕ್ಟರು ಅಂಕಿ ನೋಡಿದರು, ನನ್ನನ್ನು ನೋಡಲಿಲ್ಲ. "ಅಧಿಕ ತೂಕ" ಎಂದರು. ಸಂಚಾಲಕರು ಪಕ್ಕದಲ್ಲೇ ಕುರ್ಚಿಯಲ್ಲಿದ್ದರು. "ಆಟದ ಟೀಚರಿಗೇ ಅಧಿಕ ತೂಕವಾ?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಆಶ್ಚರ್ಯಪಟ್ಟರು. ಆ ಆಶ್ಚರ್ಯದಲ್ಲಿ ಸ್ವಲ್ಪ ಸಂತೋಷವೂ ಇದ್ದಂತೆ ನನಗೆ ಕಂಡಿತು. ಏಕೆಂದು ಆಗ ತಿಳಿಯಲಿಲ್ಲ.

ಮುಂದಿನ ವಾರ ಹೆಡ್‌ಮಾಸ್ಟ್ರು ನನ್ನನ್ನು ಕರೆದು ಮೇಜಿನ ಮೇಲಿದ್ದ ಗ್ಲೋಬನ್ನು ತಿರುಗಿಸುತ್ತಾ ವಿಷಯ ಹೇಳಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಅವರಿಗೆ ಕೈಗೆ ಏನಾದರೂ ಬೇಕು. "ಟೀಚರ್, ಬೇಸರ ಮಾಡ್ಬೇಡಿ. ಮಕ್ಕಳಿಗೆ ಮಾದರಿ ಇರ್ಬೇಕು ಅಂತ ಸಂಚಾಲಕರ ಅಭಿಪ್ರಾಯ. ನಿಮ್ಮ ಬಿಎಂಐ ಸರಿ ಆಗುವವರೆಗೆ ನೀವು ಲೈಬ್ರರಿ ನೋಡಿಕೊಳ್ಳಿ. ಆಟ ಕಂಪ್ಯೂಟರ್ ಸರ್ ನೋಡ್ತಾರೆ." ಕಂಪ್ಯೂಟರ್ ಸರ್ ಎಂದರೆ ನೋಡಲಿಕ್ಕೆ ಅಗರಬತ್ತಿಯಂಥ ಹುಡುಗ. ಅವನ ಬಿಎಂಐ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುವ ಹಾಗಿತ್ತು. ಮೈದಾನದ ಧೂಳಿಗೆ ಅವನಿಗೆ ಸೀನು ಬರುತ್ತದೆ. ಆದ್ದರಿಂದ ಮೊದಲ ವಾರವೇ ಮಕ್ಕಳನ್ನು ವರಾಂಡದಲ್ಲಿ ಕೂರಿಸಿ ಚೆಸ್ ಆಡಿಸಿದ. ಸೀಟಿ ನನ್ನ ಕುತ್ತಿಗೆಯಿಂದ ಅವನ ಕುತ್ತಿಗೆಗೆ ಹೋಯಿತು. ಅವನು ಅದನ್ನು ಊದುವ ಮೊದಲು ಕರವಸ್ತ್ರದಿಂದ ಒರೆಸುವುದನ್ನು ನಾನು ಲೈಬ್ರರಿಯ ಕಿಟಕಿಯಿಂದ ನೋಡಿದೆ. ನನಗೆ ಬಂದ ಸಿಟ್ಟನ್ನು ಹೇಳಲಿಕ್ಕೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. ತಾಲೂಕು ಮಟ್ಟದ ಆಟೋಟಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಒಂಬತ್ತನೇ ತರಗತಿಯ ನಿಶ್ಮಿತಾ ಎಂಬ ಹುಡುಗಿಯನ್ನು ಗುಂಡೆಸೆತಕ್ಕೆ ನಾನು ಎರಡು ವರ್ಷದಿಂದ ತಯಾರು ಮಾಡಿದ್ದೆ. ಅವಳ ಕೈಯಲ್ಲಿ ನನಗಿಂತ ಹೆಚ್ಚಿನ ಬಲ ಇತ್ತು. ಅವಳು ವರಾಂಡದಲ್ಲಿ ಕೂತು ಕುದುರೆಯನ್ನು ಎತ್ತ ನಡೆಸಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದಳು.

ಲೈಬ್ರರಿ ಎಂದರೆ ಎರಡು ಕಪಾಟು ಮತ್ತು ಒಂದು ಫ್ಯಾನು. ಅಲ್ಲಿ ಕೂತು ಕೂತು, ಎದ್ದು ಓಡುವುದೇ ಕೆಲಸವಾಗಿದ್ದ ಹೆಂಗಸು ಏನಾಗಬೇಕೋ ನಾನು ಅದಾಗತೊಡಗಿದೆ. ಆಗ ನೆನಪಾದದ್ದು ಐರಿನ್. ಕಾಲೇಜಿನ ಮೈದಾನದಲ್ಲಿ ನನ್ನ ಜೊತೆಗಾತಿ. ಅವಳು ಚಕ್ರ ಎಸೆಯುತ್ತಿದ್ದಳು, ನಾನು ಗುಂಡು. ಈಗ ಮೂಡುಬಿದಿರೆಯಲ್ಲಿ ಹೆಂಗಸರಿಗಾಗಿ ಜಿಮ್ ನಡೆಸುತ್ತಾಳೆ. ಮೂಡುಬಿದಿರೆ ಎಂದರೆ ಗೊತ್ತಲ್ಲ, ಆಟಗಾರರ ಊರು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸುತ್ತ ಟ್ರ್ಯಾಕ್ ಸೂಟಿನ ಹುಡುಗ ಹುಡುಗಿಯರೇ. ಅಲ್ಲಿನವರಿಗೆ ಸ್ನಾಯು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಫೋನು ಮಾಡಿ ಕಥೆ ಹೇಳಿದೆ. ಐರಿನ್ ಕೊಂಕಣಿಯಲ್ಲಿ ಏನೋ ಅಂದಳು. ಅದನ್ನು ಭಾಷಾಂತರಿಸಲಿಕ್ಕೆ ನಾನು ಕೇಳಲಿಲ್ಲ. ಮತ್ತೆ ಕನ್ನಡಕ್ಕೆ ಬಂದು, "ನೀನು ಭಾನುವಾರ ಬಾ. ನನ್ನ ಹತ್ರ ಕೊಬ್ಬು ಅಳೆಯುವ ಮೆಷಿನ್ ಉಂಟು" ಎಂದಳು.

ಭಾನುವಾರ ನಾನು ಹೊರಟಾಗ ಸದಾಶಿವರೂ ಹೊರಟರು. ಅವರಿಗೆ ಅಲ್ಲಿ ತಮ್ಮ ಇಪ್ಪತ್ತೊಂದನ್ನು ಪ್ರದರ್ಶಿಸುವ ಆಸೆ ಇತ್ತೆಂದು ನನ್ನ ಅಂದಾಜು. ಯಂತ್ರ ಎಂದರೆ ಹೊಳೆಯುವ ಒಂದು ಹಲಗೆ. ಬರಿಗಾಲಲ್ಲಿ ಹತ್ತಿ, ಎರಡು ಹಿಡಿಗಳನ್ನು ಕೈಯಲ್ಲಿ ಹಿಡಿದು ನಿಂತರೆ ನಮಗೆ ಗೊತ್ತಾಗದಷ್ಟು ಸಣ್ಣ ಕರೆಂಟನ್ನು ಮೈಯೊಳಗೆ ಕಳಿಸಿ, ಒಳಗೆ ಏನೇನಿದೆ ಎಂದು ತಿಳಿದುಕೊಂಡು ಬರುತ್ತದೆ. "ನೀರು ಕುಡಿದು ಬಂದ್ರೆ ಒಂದು ಲೆಕ್ಕ, ಕುಡಿಯದೆ ಬಂದ್ರೆ ಇನ್ನೊಂದು ಲೆಕ್ಕ ತೋರಿಸ್ತದೆ" ಎಂದು ಐರಿನ್ ಮೊದಲೇ ಹೇಳಿದಳು. "ದೇವರ ವಾಕ್ಯ ಅಲ್ಲ. ಆದ್ರೆ ನಿಮ್ಮ ಸಂಚಾಲಕರ ವಾಕ್ಯಕ್ಕಿಂತ ವಾಸಿ." ನಾನು ಹತ್ತಿ ನಿಂತೆ. ಅವಳು ಅಂಕಿಗಳನ್ನು ನೋಡಿ, ಜಿಮ್ಮಿನಲ್ಲಿದ್ದವರೆಲ್ಲ ತಿರುಗುವ ಹಾಗೆ ಚಪ್ಪಾಳೆ ತಟ್ಟಿದಳು.

"ನೋಡು, ಇಪ್ಪತ್ತೇಳು ಪರ್ಸೆಂಟ್. ಹೆಂಗಸರಿಗೆ ಕೊಬ್ಬು ಗಂಡಸರಿಗಿಂತ ಜಾಸ್ತಿ ಇರುವುದೇ ಸಹಜ, ನಿನ್ನ ಪ್ರಾಯಕ್ಕೆ ಇದು ಒಳ್ಳೆಯದೇ. ಉಳಿದದ್ದೆಲ್ಲ ಸ್ನಾಯು, ಎಲುಬು, ನೀರು. ನೀನು ತೋರ ಅಲ್ಲ ಮಾರಾಯ್ತಿ, ನೀನು ಗಟ್ಟಿ."

ನನ್ನ ಕಣ್ಣು ತುಂಬಿಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷಗಳಲ್ಲಿ ನನಗೆ ಆ ಪದವನ್ನು ಯಾರೂ ಕೊಟ್ಟಿರಲಿಲ್ಲ.

"ಮತ್ತೆ ಬಿಎಂಐ ಇಪ್ಪತ್ತೆಂಟು ಅಂತ ಬಂತಲ್ಲ?" ಎಂದು ಸದಾಶಿವರು ತಕರಾರೆತ್ತಿದರು.

"ಭಾವ, ತೆಂಗಿನಕಾಯಿಯನ್ನು ತಕ್ಕಡಿಗೆ ಹಾಕಿದ್ರೆ ಒಳಗೆ ತಿರುಳೆಷ್ಟು ನೀರೆಷ್ಟು ಅಂತ ಗೊತ್ತಾಗ್ತದಾ? ಬಿಎಂಐ ಅಂದ್ರೆ ತಕ್ಕಡಿ. ಅದಕ್ಕೆ ತೂಕ ಗೊತ್ತು, ಎತ್ತರ ಗೊತ್ತು. ತೂಕ ಎಂತದ್ದು ಅಂತ ಗೊತ್ತಿಲ್ಲ. ಊರಿಗೆ ಊರೇ ಅಳೀಲಿಕ್ಕಾದ್ರೆ ಅದು ಸಾಕು. ಒಬ್ಬರನ್ನು ಹಿಡಿದು ತೀರ್ಮಾನ ಮಾಡ್ಲಿಕ್ಕೆ ಸಾಲುವುದಿಲ್ಲ. ಬನ್ನಿ, ನೀವೂ ಹತ್ತಿ."

ಅವರು ಮದುಮಗನ ಹಾಗೆ ಹತ್ತಿದರು. ಯಂತ್ರ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಐರಿನ್ ಅಂಕಿಯನ್ನು ನೋಡಿದಳು, ಅವರ ಶರ್ಟಿನ ಗುಂಡಿಗಳ ನಡುವೆ ಸಣ್ಣಗೆ ಮುಂದೆ ಬಂದಿದ್ದ ಹೊಟ್ಟೆಯನ್ನು ನೋಡಿದಳು, ಆಮೇಲೆ ತಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಘೋಷಿಸಿದಳು: "ಭಾವ, ನಿಮಗೆ ಕೊಬ್ಬು ಬಹಳ ಜಾಸ್ತಿ ಉಂಟು."

ಕೊಬ್ಬು ಎಂಬ ಪದದ ಸ್ವಭಾವ ನಿಮಗೆ ಗೊತ್ತೇ ಇದೆ. ಡಾಕ್ಟರ ಬಾಯಲ್ಲಿ ಅದು ಮೈಯೊಳಗಿನ ಎಣ್ಣೆ. ಉಳಿದ ಎಲ್ಲರ ಬಾಯಲ್ಲಿ ಅದು ಸೊಕ್ಕು, ಅಹಂಕಾರ, ದೊಡ್ಡವರಿಗೆ ಎದುರಾಡುವ ಚಾಳಿ. ಟ್ರೆಡ್‌ಮಿಲ್ಲಿನ ಮೇಲಿದ್ದ ಇಬ್ಬರು ಹೆಂಗಸರು ನಗು ತಡೆಯಲಾರದೆ ಗುಂಡಿ ಒತ್ತಿ ಇಳಿದರು. "ನನಗೆ ಕೊಬ್ಬಾ?" ಎಂದರು ಸದಾಶಿವರು. ಅವರ ಕೊಬ್ಬು ಮೂವತ್ತು ಪರ್ಸೆಂಟ್ ದಾಟಿತ್ತು. ಕೈಕಾಲುಗಳಲ್ಲಿ ಸ್ನಾಯುವೇ ಇಲ್ಲದೆ, ಇದ್ದಬದ್ದ ಗೋಳಿಬಜೆಯೆಲ್ಲ ಹೊಟ್ಟೆಯ ಒಳಗೆ ಸೇರಿಕೊಂಡು, ಹೊರಗಿನಿಂದ ಇಪ್ಪತ್ತೊಂದು ಎಂಬ ಬೋರ್ಡು ಹಾಕಿಕೊಂಡಿತ್ತು. ದಾರಿಯಲ್ಲಿ ಸಿದ್ದಕಟ್ಟೆ ಬಂತು, ಪುಂಜಾಲಕಟ್ಟೆ ಬಂತು, ಅವರು ಬೈಕಿನ ಮೇಲೆ ಹೊಟ್ಟೆಯನ್ನು ಒಳಗೆಳೆದುಕೊಂಡೇ ಇದ್ದರು. ಮನೆಗೆ ಬಂದ ಮೇಲೆ ಸಿಲಿಂಡರನ್ನು ತಾವೇ ಎತ್ತಿ ಒಳಗೆ ತರುತ್ತೇನೆಂದು ಹೊರಟು, ಮೆಟ್ಟಿಲಿನಲ್ಲಿಟ್ಟು, ಸೊಂಟ ಹಿಡಿದುಕೊಂಡು ನನ್ನನ್ನು ಕರೆದರು. ಆ ದಿನ ನಾನು ಬಹಳ ಸುಖವಾಗಿ ನಿದ್ದೆ ಮಾಡಿದೆ.

ಸೋಮವಾರ, ಯಂತ್ರದ ಅಂಕಿ ಬರೆದು ಐರಿನ್ ಕೊಟ್ಟ ಚೀಟಿ ಹಿಡಿದು ಸಂಚಾಲಕರ ಕೋಣೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ನಮ್ಮ ಕಡೆಯವರ ಕಷ್ಟವೇ ಇದು. ಜಗಳವಾಡುವುದು ತುಳುವಿನಲ್ಲಿ ಬರುತ್ತದೆ, ಮನವಿ ಮಾತ್ರ ಕನ್ನಡದಲ್ಲಿ ಮಾಡಬೇಕು. ಪುಸ್ತಕದ ಕನ್ನಡವನ್ನು ಒಂದೊಂದೇ ಪದವಾಗಿ ಜೋಡಿಸಿಕೊಂಡು ಹೋದದ್ದರಿಂದ ಬಾಗಿಲು ದಾಟಿದ ಕೂಡಲೇ ನನ್ನ ಬಾಯಿಯಿಂದ ಬಂದದ್ದು ಹೀಗೆ: "ಸರ್, ನನ್ನ ಕೊಬ್ಬಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಆಗಿದೆ."

ಸಂಚಾಲಕರು ಕುರ್ಚಿಯಲ್ಲಿ ನೆಟ್ಟಗಾದರು. ಮುಖದ ಬಣ್ಣ ಬದಲಾಯಿತು. "ಯಾರು ಹೇಳಿದ್ದು ನಿಮಗೆ? ಹೆಡ್‌ಮಾಸ್ಟ್ರಾ?"

"ಏನು ಸರ್?"

"ಟೀಚರಿಗೆ ಕೊಬ್ಬು ಅಂತ ನಾನು ಮೀಟಿಂಗಿನಲ್ಲಿ ಹೇಳಿದ್ದು ಹೌದು. ಅದು ಒಳಗಿನ ಮಾತು. ನಿಮ್ಮ ಹತ್ರ ಬಂದು ಹೇಳುವ ಅಗತ್ಯ ಅವರಿಗೆ ಎಂತ ಇತ್ತು?"

ನನಗೆ ಒಂದು ಕ್ಷಣ ತಲೆ ಬುಡ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮುಂದೆ ಹಿಡಿದು, "ಇಪ್ಪತ್ತೇಳು ಪರ್ಸೆಂಟ್ ಸರ್, ನನ್ನ ಪ್ರಾಯಕ್ಕೆ ಇದು ಸರಿಯಾಗಿದೆಯಂತೆ" ಎಂದೆ. ಅವರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು, ತಾವು ಏನು ಒಪ್ಪಿಕೊಂಡುಬಿಟ್ಟೆವು ಎಂದು ಅವರಿಗೆ ಆಗ ಹೊಳೆಯಿತು. ನನಗೂ ಹೊಳೆಯಿತು. ಹಿಂದಿನ ವರ್ಷದ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಅವರು ಭಾಷಣಕ್ಕೆ ನಿಂತು, ದುಬೈಗೆ ಹೋದ ಮೊದಲ ದಿನದಿಂದ ಆರಂಭಿಸಿ, ಮೂರನೆಯ ಹೋಟೆಲಿನ ವಿವರಕ್ಕೆ ಬರುವ ಹೊತ್ತಿಗೆ ಬಿಸಿಲಲ್ಲಿ ನಿಂತಿದ್ದ ಮಕ್ಕಳಲ್ಲಿ ಒಬ್ಬಳು ತಲೆ ತಿರುಗಿ ಬಿದ್ದಿದ್ದಳು. ನಾನು ಸೀಟಿ ಊದಿ, "ಎಲ್ಲರೂ ನೆರಳಿಗೆ ಹೋಗಿ" ಎಂದಿದ್ದೆ. ಮಕ್ಕಳು ಓಡಿದರು. ವೇದಿಕೆಯ ಎದುರು ಖಾಲಿ ಮೈದಾನ ಉಳಿಯಿತು. ಸಂಚಾಲಕರ ನಾಲ್ಕನೆಯ ಹೋಟೆಲು ಬಾಯಲ್ಲೇ ಉಳಿಯಿತು. ಅಂದು ಅವರು ನಕ್ಕು ಕೂತರು. ನಾನು ಅದನ್ನು ದೊಡ್ಡ ಮನಸ್ಸು ಎಂದು ತಿಳಿದಿದ್ದೆ.

ಅಂದರೆ ಡಾಕ್ಟರು, ಯಂತ್ರ, ಮೀಟರು, ಆರೋಗ್ಯವಂತ ಶಾಲೆ ಇವೆಲ್ಲ ಬಂದದ್ದು ಆಮೇಲೆ. ಕೊಬ್ಬಿನ ತೀರ್ಮಾನ ಮೊದಲೇ ಆಗಿತ್ತು. ನಾನು ಎರಡು ಅಳತೆಗಳ ವ್ಯತ್ಯಾಸ ತಿಳಿಸಲು ಮೂಡುಬಿದಿರೆಯವರೆಗೆ ಹೋಗಿ ಬಂದಿದ್ದೆ. ಅವರ ಹತ್ತಿರ ಮೂರನೆಯ ಅಳತೆ ಇತ್ತು. ನಾನು ನನ್ನ ಮಟ್ಟಿಗೆ ಸಾಧ್ಯವಾದಷ್ಟು ವಿವರಿಸಿದೆ, ತೆಂಗಿನಕಾಯಿಯನ್ನೂ ಬಳಸಿದೆ, ದನಿ ಸ್ವಲ್ಪ ಏರಿತು. ಸಂಚಾಲಕರು ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, "ಆಡಳಿತ ಮಂಡಳಿಯ ಸರ್ಕ್ಯುಲರಿನಲ್ಲಿ ಕೇಳಿದ್ದು ಬಿಎಂಐ ಮಾತ್ರ. ಅದು ಸರಿ ಆಗ್ಲಿ, ಮತ್ತೆ ನೋಡುವ. ಈಗ ನೀವು ಮಾತಾಡುವ ರೀತಿ ನೋಡಿದ್ರೆ ಕೊಬ್ಬಿನ ಬಗ್ಗೆ ನನಗೇನೂ ತಪ್ಪು ತಿಳುವಳಿಕೆ ಆಗಿಲ್ಲ" ಎಂದರು. ನನಗೆ ಅತ್ತುಬಿಡಬೇಕು ಅನ್ನಿಸಿತು, ಅಳಲಿಲ್ಲ. ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಬಂದೆ. ಹಿಡಿ ಕೈಗೆ ಬಂತು. ಅದನ್ನೂ ಅವರು ನನ್ನ ಲೆಕ್ಕಕ್ಕೇ ಬರೆದುಕೊಂಡಿರಬೇಕು.

ತಾಲೂಕು ಆಟೋಟಕ್ಕೆ ನಮ್ಮ ಶಾಲೆಯಿಂದ ಚೆಸ್ ತಂಡ ಹೋಯಿತು. ನಿಶ್ಮಿತಾ ಹೋಗಲಿಲ್ಲ. ಅವಳ ಹೆಸರು ಕೊಡಲು ಕಂಪ್ಯೂಟರ್ ಸರ್‌ಗೆ ಮರೆತುಹೋಗಿತ್ತಂತೆ. ನಾನು ಕೆಲಸ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಕೂಗಾಡಿದೆ. ಸದಾಶಿವರು, "ಬಿಟ್ಟು ಎಲ್ಲಿಗೆ ಹೋಗ್ತಿ? ಈ ಪ್ರಾಯದಲ್ಲಿ ಗುಂಡು ಎಸೆಯುವ ಹೆಂಗಸನ್ನು ಯಾರು ತೆಗೊಳ್ತಾರೆ?" ಎಂದರು. ಮೂಡುಬಿದಿರೆಯ ನಂತರ ಅವರು ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಆಡಿದ್ದು ಸರಿಯಾಗಿಯೇ ಇರುತ್ತಿತ್ತು. ಅದು ಇನ್ನೂ ಕಷ್ಟ.

ಇಷ್ಟರಲ್ಲಿ ನನಗೆ ಕಾಮಾಲೆ ಬಂತು. ಎಲ್ಲಿಯದೋ ಒಂದು ಗೃಹಪ್ರವೇಶದಲ್ಲಿ ಕುಡಿದ ಶರಬತ್ತಿನ ಪುಣ್ಯ. ಕಣ್ಣು ಹಳದಿ, ಮೈ ಹಳದಿ, ಬಾಯಿಗೆ ಏನೂ ಬೇಡ. ಆಸ್ಪತ್ರೆ ಮುಗಿಸಿ ಬಂದ ಮೇಲೆ ಊರಿನವರ ಪಥ್ಯ ಆರಂಭವಾಯಿತು. ಡಾಕ್ಟರು ಬೇಡವೆಂದದ್ದು ಎಣ್ಣೆ ಮಾತ್ರ. ನೆರೆಮನೆಯವರು ಎಣ್ಣೆ, ಉಪ್ಪು, ಮೊಟ್ಟೆ, ಮೀನು, ಬೇಳೆ, ಬಿಸಿಲು ಎಲ್ಲವನ್ನೂ ಬೇಡವೆಂದರು. ತಿಂಗಳುಗಟ್ಟಲೆ ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿದು ಮಲಗಿದೆ. ಏಳುವ ಹೊತ್ತಿಗೆ ನನ್ನ ರವಿಕೆಗಳು ಬೇರೆ ಯಾರದ್ದೋ ರವಿಕೆಗಳಂತೆ ಜೋತುಬೀಳುತ್ತಿದ್ದವು. ತೋಳನ್ನು ಮುಟ್ಟಿ ನೋಡಿಕೊಂಡೆ. ಗಟ್ಟಿ ಎಂದು ಐರಿನ್ ಹೇಳಿದ್ದ ವಸ್ತು ಅಲ್ಲಿರಲಿಲ್ಲ. ಮೆತ್ತಗಿನ ಏನೋ ಒಂದು ಎಲುಬಿನಿಂದ ಇಳಿಬಿದ್ದಿತ್ತು. ಬಾವಿಯಿಂದ ಕೊಡಪಾನ ಎಳೆಯುವಾಗ ನಡುವೆ ಎರಡು ಸಲ ನಿಂತೆ.

ಆದರೆ ಊರಿಗೆ ಸಂಭ್ರಮವೋ ಸಂಭ್ರಮ. ತೆಳ್ಳಗಾದವರನ್ನು ಕಂಡರೆ ಉಷಾರಿಲ್ಲವೇ ಎಂದು ಕೇಳುವ ನಮ್ಮ ಜನ, ನಿಜಕ್ಕೂ ಉಷಾರಿಲ್ಲದೆ ತೆಳ್ಳಗಾದಾಗ ಅದೊಂದನ್ನೇ ಕೇಳಲಿಲ್ಲ. ಮಡಂತ್ಯಾರು ಪೇಟೆಯಲ್ಲಿ ಹಣ್ಣಿನಂಗಡಿಯವರು, "ಟೀಚರ್, ಗುರ್ತವೇ ಸಿಕ್ಕಲಿಲ್ಲ! ಎಂತ ಮಾಡಿದ್ದು? ನನ್ನ ಹೆಂಡತಿಗೂ ಹೇಳಿ" ಎಂದರು. ಕಾಮಾಲೆ ಎಂದೆ. ಅವರು ಅದು ಯಾವುದೋ ಹೊಸ ಡಯಟ್ಟಿನ ಹೆಸರೆಂದು ತಿಳಿದ ಹಾಗೆ ತಲೆಯಾಡಿಸಿದರು. ಶಾಲೆಗೆ ಹೋದ ದಿನ ಸಹೋದ್ಯೋಗಿಗಳು ಕೈಕುಲುಕಿದರು. ಹೆಡ್‌ಮಾಸ್ಟ್ರು ತಾವೇ ನನ್ನನ್ನು ಸಭಾಭವನದ ಯಂತ್ರದ ಹತ್ತಿರ ಕರೆದುಕೊಂಡು ಹೋಗಿ, ಲೆಕ್ಕ ಮಾಡಿ, ಮಗನ ಪಿಯುಸಿ ಫಲಿತಾಂಶ ಬಂದವರ ಹಾಗೆ ಕೂಗಿದರು: "ಇಪ್ಪತ್ತನಾಲ್ಕು ಪಾಯಿಂಟ್ ಎಂಟು! ನಾರ್ಮಲ್ ಟೀಚರ್, ನಾರ್ಮಲ್!"

ಸಂಚಾಲಕರು ಕರೆಸಿದರು. ನಾನು ಕೋಣೆಯಲ್ಲಿ ನಿಂತೇ ಇದ್ದೆ. ಎದುರಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ, ಆದ್ದರಿಂದ ಅವರು ಹೇಳಿದ್ದಕ್ಕೆಲ್ಲ ಸರಿ ಸರ್ ಎಂದೆ. ಅವರು ಬಹಳ ಪ್ರೀತಿಯಿಂದ ಮಾತಾಡಿದರು. "ನೋಡಿ, ಮನಸ್ಸು ಮಾಡಿದ್ರೆ ಆಗ್ತದೆ. ಈಗ ನೀವು ಮಕ್ಕಳಿಗೆ ಒಂದು ಮಾದರಿ. ನಾಳೆಯಿಂದ ಮೈದಾನ ನಿಮ್ಮದೇ." ಸೀಟಿಯನ್ನು ಮೇಜಿನ ಡ್ರಾಯರಿನಿಂದ ತೆಗೆದು ಕೊಟ್ಟರು. ನಾನು "ಥ್ಯಾಂಕ್ಯೂ ಸರ್" ಎಂದೆ. ಹಾಗೆ ಹೇಳುವಾಗ ಒಳಗೊಳಗೇ ಹಲ್ಲು ಕಡಿದೆ ಎಂದು ಬರೆಯಬಹುದಿತ್ತು. ಕಡಿಯಲಿಲ್ಲ. ನನಗೆ ಖುಷಿಯಾಗಿತ್ತು. ಹುಟ್ಟಿದಂದಿನಿಂದ ಮೊದಲ ಬಾರಿಗೆ ನಾರ್ಮಲ್ ಆಗಿದ್ದೆ.

ಆ ಖುಷಿಯಲ್ಲೇ ಮುಂದಿನ ಭಾನುವಾರ ಐರಿನ್‌ನ ಜಿಮ್ಮಿಗೆ ಹೋದೆ. ಅವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಯಂತ್ರ ಹತ್ತಿದೆ. ತೂಕ ಇಳಿದಿತ್ತು, ಬಿಎಂಐ ಇಳಿದಿತ್ತು, ಕೊಬ್ಬಿನ ಶೇಕಡಾವಾರು ಮಾತ್ರ ಏರಿತ್ತು. ಹೋದದ್ದೆಲ್ಲ ಸ್ನಾಯು, ಕೊಬ್ಬು ಇದ್ದಲ್ಲೇ ಕೂತು ಉಳಿದ ಮನೆಯನ್ನು ತನ್ನದು ಮಾಡಿಕೊಂಡಿತ್ತು. "ಮೊಟ್ಟೆ ತಿನ್ನು, ಬೇಳೆ ತಿನ್ನು, ಮೆಲ್ಲ ಭಾರ ಎತ್ಲಿಕ್ಕೆ ಶುರು ಮಾಡು" ಎಂದು ಅವಳು ಕೈಗೆ ಎರಡು ಸಣ್ಣ ಡಂಬೆಲ್ ಕೊಟ್ಟಳು. ಎಷ್ಟು ಸಣ್ಣದೆಂದರೆ ಅವುಗಳಿಗೆ ಗುಲಾಬಿ ಬಣ್ಣ ಬಳಿದಿದ್ದರು. "ಸ್ನಾಯು ಬಂದ್ರೆ ತೂಕ ಮತ್ತೆ ಏರ್ತದೆ, ಹೆದರ್ಬೇಡ" ಎಂದಳು. ಎಷ್ಟು ಏರಬಹುದು ಎಂದು ನಾನು ಕೇಳಿದೆ. ಇಪ್ಪತ್ತೈದು ದಾಟುತ್ತದೆಯೇ ಎಂದು ಕೇಳಿದೆ. ಐರಿನ್ ನನ್ನನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. ಡಂಬೆಲ್ಲನ್ನು ಅಲ್ಲೇ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಮೈದಾನಕ್ಕೆ ಮರಳಿದ ಮೊದಲ ವಾರ ನನಗೆ ಕೊಟ್ಟ ಕೆಲಸ ಮಕ್ಕಳೆಲ್ಲರ ಬಿಎಂಐ ತೆಗೆಯುವುದು. ಆರೋಗ್ಯವಂತ ಶಾಲೆ ಎಂದ ಮೇಲೆ ಶಿಕ್ಷಕರಲ್ಲಿಗೆ ನಿಲ್ಲಿಸಲಿಕ್ಕಾಗುತ್ತದೆಯೇ? ಸಭಾಭವನದ ಯಂತ್ರವನ್ನು ಮೈದಾನದ ಅಂಚಿಗೆ ತಂದು ಇಟ್ಟೆವು. ಮಕ್ಕಳು ಚಪ್ಪಲಿ ಕಳಚಿ ಸಾಲು ನಿಂತರು. ನಾನು ಕುರ್ಚಿಯಲ್ಲಿ ಕೂತಿದ್ದೆ, ನಿಂತರೆ ಕಾಲು ನಡುಗುತ್ತಿತ್ತು. ಒಬ್ಬೊಬ್ಬರಾಗಿ ಬಂದರು, ಹೋದರು. ಈಗ ಹತ್ತನೇ ತರಗತಿಗೆ ಬಂದಿದ್ದ ನಿಶ್ಮಿತಾಳ ಸರದಿ ಬಂತು. ಅವಳ ಭುಜ ಇನ್ನೂ ಅಗಲವಾಗಿತ್ತು. ಯಂತ್ರ ಹತ್ತಿದಾಗ ಅದು ಕಿರುಗುಟ್ಟಿ, ಸಾಲಿನಲ್ಲಿ ಕೆಲವರು ನಕ್ಕರು. ಅವಳು ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. ನಾನು ಲೆಕ್ಕ ಮಾಡಿದೆ. ಅವಳ ಪ್ರಾಯಕ್ಕೆ ಕೊಟ್ಟ ಗೆರೆ ದಾಟಿತ್ತು. ಅದು ಎಂಥ ತೂಕವೆಂದು ಇಡೀ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಅಧಿಕ ತೂಕ" ಎಂದೆ. "ಸ್ವಲ್ಪ ಕಡಿಮೆ ಮಾಡು ಮಗಾ."

ಅವಳು ಯಂತ್ರದಿಂದ ಇಳಿಯಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು. "ಟೀಚರ್, ಮೊದಲು ನೀವೂ ನನ್ನ ಹಾಗೆಯೇ ಇದ್ರಿ ಅಲ್ವಾ? ಈಗ ನಿಮಗೆ ಗುಂಡು ಎಸೀಲಿಕ್ಕೆ ಆಗ್ತದಾ?"

ಅವಳ ದನಿಯಲ್ಲಿ ಹಂಗಿಸುವ ಉದ್ದೇಶ ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು "ಇಳಿ, ಮುಂದಿನವಳು ಬರಲಿ" ಎಂದು ಸೀಟಿ ಊದಿದೆ. ಅವಳು ಚಪ್ಪಲಿ ಹಾಕಿಕೊಂಡು ತಲೆ ಎತ್ತಿಕೊಂಡೇ ನಡೆದು ಹೋದಳು. ಅವಳ ಬೆನ್ನನ್ನು ನೋಡುತ್ತಾ, ಈ ಹುಡುಗಿಗೆ ಕೊಬ್ಬು ಸ್ವಲ್ಪ ಜಾಸ್ತಿಯಾಯಿತು ಎಂದು ನನಗೆ ಅನ್ನಿಸಿತು.